ಸೋಮವಾರದ ರಕ್ತ

"ಇನ್ನೊಂದ್ ಸಲ ಮುಷ್ಟಿ ಬಿಗಿ ಹಿಡೀರಿ ಅಕ್ಕಾರ, ನರ ಸಿಗವಲ್ದು," ಎನ್ನುತ್ತ ನರ್ಸ್ ಗುರುಲಿಂಗವ್ವ ನೀಲಾಬಾಯಿಯ ತೋಳಿನ ರಬ್ಬರು ಪಟ್ಟಿಯನ್ನು ಮತ್ತಷ್ಟು ಜಗ್ಗಿದಳು. "ಇಷ್ಟು ದಿನಾ ಟಗರಿನ ರಕ್ತ ಹೀರಿದ್ರಿ. ಈಗ ನಿಮ್ಮ ಪಾಳಿ ಬಂತು ನೋಡ್ರಿ."

ಗುರುಲಿಂಗವ್ವನ ಬಾಯಿಗೆ ಹೊತ್ತುಗೊತ್ತು ಎಂಬುದಿರಲಿಲ್ಲ. ಹೆಣದ ಮುಂದೆ ನಿಲ್ಲಿಸಿದರೂ ಒಂದು ಚೇಷ್ಟೆಯ ಮಾತು ಆಡುವವಳೇ. ಬೇರೆ ದಿನವಾಗಿದ್ದರೆ ನೀಲಾಬಾಯಿಯೂ ಏನಾದರೊಂದು ತಿರುಗಿ ಅನ್ನುತ್ತಿದ್ದಳು. ಈ ಹೊತ್ತು ಮುಖ ತಿರುಗಿಸಿ ಕಿಟಕಿಯ ಆಚೆ ನೋಡಿದಳು. ಹಿತ್ತಲಿನ ಬೇವಿನ ಮರದ ಕೆಳಗೆ, ಟಗರನ್ನು ಕಟ್ಟುತ್ತಿದ್ದ ಗೂಟ ಖಾಲಿ ಇತ್ತು. ಪ್ರತಿ ಸೋಮವಾರ ಅದನ್ನು ಹೊಡೆದುಕೊಂಡು ಬರುತ್ತಿದ್ದ ಹುಲ್ಲಪ್ಪನ ಮನೆಯಲ್ಲಿ ಸೂತಕ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅವನ ಮಗಳು ಪದ್ಮವ್ವ ಇದೇ ದವಾಖಾನೆಯಲ್ಲಿ, ಈ ಕೋಣೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ವಾರ್ಡಿನಲ್ಲಿ, ಹಸಿ ಬಾಣಂತಿಯಾಗಿ ಸತ್ತಿದ್ದಳು. ಟಗರು ಬಾರದೆ ಫ್ರಿಜ್ಜಿನ ರಕ್ತ ತಳ ಕಂಡಿತ್ತು. ರೋಗಿಗಳೇನು ಅದಕ್ಕಾಗಿ ಕಾಯುತ್ತಾರೆಯೆ? ತನ್ನದನ್ನೇ ತೆಗೆಸಿಕೊಳ್ಳೋಣವೆಂದು ನೀಲಾಬಾಯಿ ತೋಳು ಚಾಚಿದ್ದಳು.

ಕ್ರಿಮಿಗಳು ಊಟದ ವಿಷಯದಲ್ಲಿ ಬಲು ಸೊಕ್ಕಿನವು. ಕೆಲವಕ್ಕಂತೂ ರಕ್ತ ಬೆರೆಸಿ ಕೊಡದಿದ್ದರೆ ತುತ್ತು ಇಳಿಯುವುದಿಲ್ಲ. ಅಗರ್ ಎಂಬ, ಆರಿದರೆ ಗಿಣ್ಣದ ಹಾಗೆ ಗಟ್ಟಿಯಾಗುವ ಪಾಕಕ್ಕೆ ಕುರಿಯ ರಕ್ತ ಬೆರೆಸಿ ಗಾಜಿನ ತಟ್ಟೆಗಳಿಗೆ ಎರೆಯಬೇಕು. ರೋಗಿಯ ಕೀವನ್ನು ಅದರ ಮೇಲೆ ಗೀರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟರೆ, ಬೆಳಗಾಗುವಷ್ಟರಲ್ಲಿ ಕ್ರಿಮಿ ಕಣ್ಣಿಗೆ ಕಾಣುವಂತೆ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ. ಎದ್ದ ಚುಕ್ಕೆಗೆ ಯಾವ ಔಷಧಿ ತಾಗುತ್ತದೆಂದು ನೋಡಿ ಡಾಕ್ಟರಿಗೆ ಹೇಳುವುದು ನೀಲಾಬಾಯಿಯ ಕೆಲಸ. ಏನೂ ಏಳದಿದ್ದರೆ ಕ್ರಿಮಿ ಇಲ್ಲವೆಂದು ಅರ್ಥ. ಹಾಗಂತ ಅವಳು ಓದಿದ್ದಳು, ಹಾಗಂತ ನಂಬಿದ್ದಳು.

ಅಡಿಗೆಮನೆಯ ಹಿಂದಿನ ಆ ಲ್ಯಾಬಿನ ಕೋಣೆಯಲ್ಲಿ ದವಾಖಾನೆಯ ಕೆಲಸದ ಜೊತೆಗೆ ಅವಳು ತನ್ನದೂ ಒಂದು ಕೆಲಸ ಹಚ್ಚಿಕೊಂಡಿದ್ದಳು. ಇಳಕಲ್ಲಿನ ಅಣ್ಣಂದಿರು ಮದುವೆಯ ಮಾತು ಎತ್ತಿ ಎತ್ತಿ ಸೋತು ಬಿಟ್ಟಿದ್ದರು. ಧಾರವಾಡದಲ್ಲಿ ಡಾಕ್ಟರೇಟಿಗೆ ಹೆಸರು ಹಚ್ಚಿದ್ದಳು. ಪೆನಿಸಿಲಿನ್ನಿಗೆ ಬಗ್ಗದ ಕೀವಿನ ಕ್ರಿಮಿ ತನ್ನ ಮೈಮೇಲೆ ಯಾವ ಪ್ರೋಟೀನು ಹೊದ್ದಿರುತ್ತದೆ, ಹೊರಗೆ ಯಾವ ಪ್ರೋಟೀನು ಉಗುಳುತ್ತದೆ ಎಂಬುದು ಅವಳ ವಿಷಯ. ಉಗುಳುವುದರಲ್ಲಿ ಒಂದು ಪ್ರೋಟೀನು ಪೆನಿಸಿಲಿನ್ನನ್ನೇ ಮುರಿದು ನಿರುಪಯೋಗಿ ಮಾಡಿಬಿಡುತ್ತದೆ. ಅದನ್ನು ಹಿಡಿಯುವುದು ಕಷ್ಟವಲ್ಲ. ಗಂಜಿಯಲ್ಲೂ ಅಯೋಡಿನ್ನಿನಲ್ಲೂ ಅದ್ದಿ ನೀಲಿ ಮಾಡಿದ ಕಾಗದಕ್ಕೆ ಪೆನಿಸಿಲಿನ್ ಸವರಿ, ಮೇಲೆ ರಕ್ತದ ತಟ್ಟೆಯಲ್ಲಿ ಎದ್ದ ಕ್ರಿಮಿಯನ್ನು ಹಚ್ಚಿದರಾಯಿತು. ಪೆನಿಸಿಲಿನ್ ಮುರಿದರೆ ನೀಲಿ ಅಳಿಸಿ ಬೆಳ್ಳಗಾಗುತ್ತದೆ. ಹುನಗುಂದದವರ ಹುಣ್ಣು, ಬಾದಾಮಿಯವರ ಬಾವು, ಗುಳೇದಗುಡ್ಡದ ನೇಕಾರರ ಉಗುರುಸುತ್ತು, ಎಲ್ಲಿಯ ಕೀವು ತಂದು ಬೆಳೆಸಿ ಹಚ್ಚಿದರೂ ಕಾಗದ ಬೆಳ್ಳಗೆ. ಮೊದಮೊದಲು ನೀಲಿ ಉಳಿಯುವುದೂ ಇತ್ತು. ಆಮೇಲಾಮೇಲೆ ಒಂದೂ ಉಳಿಯಲಿಲ್ಲ.

ಧಾರವಾಡದ ಗುರುಗಳು ಹಿಗ್ಗಿ ಹೀರೇಕಾಯಿಯಾದರು. ಇಂಥದು ದೇಶದಲ್ಲೇ ಎಲ್ಲಿಯೂ ಕಂಡಿಲ್ಲ, ಬೇಗ ಬರೆದು ಮುಗಿಸು ಎಂದು ಬೆನ್ನು ಹತ್ತಿದರು. ದವಾಖಾನೆಯ ಡಾಕ್ಟರು ಸಂಗಯ್ಯನವರು ಪೆನಿಸಿಲಿನ್ ಬರೆಯುವುದನ್ನೇ ಬಿಟ್ಟರು. ನೀಲಾಬಾಯಿಯೋ, ನೆಲದ ಮೇಲೆ ಕಾಲು ಇಡದಂತಾಗಿದ್ದಳು. ಹೊಸ ರಕ್ತದ ತಟ್ಟೆ ಮಾಡಿದಾಗೆಲ್ಲ ಮೊದಲು ಯಾವ ಔಷಧಿ ಸೋಕಿದರೂ ಸಾಯುವ ಒಂದು ಬಡಪಾಯಿ ಕ್ರಿಮಿಯನ್ನು ಅದರಲ್ಲಿ ಬೆಳೆಸಿ, ತಟ್ಟೆ ಸರಿಯಾಗಿದೆಯೋ ಇಲ್ಲವೋ ನೋಡಿಕೊಳ್ಳಬೇಕು ಎಂಬುದು ಅವಳ ವಿದ್ಯೆಯ ಮೊದಲ ಪಾಠ. ಹೊಸದರಲ್ಲಿ ಮಾಡುತ್ತಿದ್ದಳು. ಎಲ್ಲವೂ ತನಗೆ ಬೇಕಾದ ಹಾಗೆಯೇ ಬರತೊಡಗಿದ ಮೇಲೆ ಅದನ್ನು ಯಾಕೆ ಮಾಡಬೇಕು ಅನ್ನಿಸಿತು. ಬಿಟ್ಟಳು.

ಇನ್ನು ಹುಲ್ಲಪ್ಪ. ಕಲಾದಗಿ ದಾರಿಯ ಹಟ್ಟಿಯವನು, ಹೆಗಲ ಮೇಲಿನ ಕಂಬಳಿ ಬೇಸಿಗೆಯಲ್ಲೂ ಇಳಿಸದವನು. ಅವನ ಟಗರು ಬೀರಪ್ಪನ ಹೆಸರಿಗೆ ಬಿಟ್ಟದ್ದು. ಅದನ್ನು ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ. ಮಾರದ ಕೊಯ್ಯದ ಟಗರಾದರೆ ವರ್ಷಾನುಗಟ್ಟಲೆ ರಕ್ತಕ್ಕೆ ಚಿಂತೆಯಿಲ್ಲವೆಂದು ಲೆಕ್ಕ ಹಾಕಿ ಅವನು ಅದನ್ನೇ ತಂದಿದ್ದ. ಸೂಜಿ ಚುಚ್ಚುವ ಮೊದಲು ಅದರ ಹಣೆಗೆ ಅರಿಷಿಣದ ಭಂಡಾರ ಹಚ್ಚಿ, ಕಿವಿಯಲ್ಲಿ ಏನೋ ಹೇಳಿ, ಕೋಡು ಹಿಡಿದು ಕೂರುತ್ತಿದ್ದ. ಕುತ್ತಿಗೆಯ ನರದಿಂದ ರಕ್ತ ಇಳಿಯುವಾಗ ಅವನ ಮುಖದಲ್ಲಿ ಒಂದು ಬಗೆಯ ಠೀವಿ ಇರುತ್ತಿತ್ತು. ದೇವರ ಟಗರಿಗೆ ಸೂಜಿ ಚುಚ್ಚುವುದು ಸರಿಯಲ್ಲವೆಂದು ಹಟ್ಟಿಯ ಪೂಜಾರಿ ಲಕ್ಷ್ಮಪ್ಪ ಗೊಣಗಿದ್ದುಂಟು. "ಮಂದಿ ಜೀವಾ ಉಳಸೂ ರಕ್ತ ಐತಿ ಮಾವಾ, ಅದು ದೇವರಿಗೇ ಮುಟ್ಟತೈತಿ," ಎಂದು ಹುಲ್ಲಪ್ಪ ಬಾಯಿ ಮುಚ್ಚಿಸಿದ್ದ. ಸಂತೆಯಲ್ಲಿ ಯಾರಾದರೂ ಸಿಕ್ಕರೆ "ನಮ್ಮ ದವಾಖಾನಿ" ಎಂದೇ ಮಾತು ತೆಗೆಯುತ್ತಿದ್ದ.

ಹಾಗೆಂದೇ ಮಗಳ ಹೆರಿಗೆಯನ್ನು ಮನೆಯಲ್ಲಿ ಮಾಡಗೊಡಲಿಲ್ಲ. ಹೆಂಡತಿ ಬೋರವ್ವ ಸೂಲಗಿತ್ತಿಗೆ ಹೇಳಿಟ್ಟಿದ್ದರೂ ಕೇಳದೆ ಎತ್ತಿನ ಗಾಡಿಯಲ್ಲಿ ಪದ್ಮವ್ವನನ್ನು ಕರೆತಂದ. ಗಂಡು ಕೂಸು, ಸುಸೂತ್ರ ಹೆರಿಗೆ. ಹುಲ್ಲಪ್ಪ ಲ್ಯಾಬಿನ ಬಾಗಿಲಿಗೇ ಬಂದು ನೀಲಾಬಾಯಿಯ ಕೈಗೆ ಸಕ್ಕರೆ ಹಾಕಿ ಹೋದ. ಮರುದಿನ ಬಾಣಂತಿಗೆ ಚಳಿ ಹತ್ತಿತು, ಜ್ವರ ಏರಿತು. ಆ ವರ್ಷ ಸುತ್ತೆಲ್ಲ ಮಲೇರಿಯಾ ಎದ್ದಿತ್ತು.

"ಗರ್ಭದ ನಂಜೋ, ಮಲೇರಿಯಾನೋ?" ಎಂದು ಸಂಗಯ್ಯನವರು ಕೇಳಿದ್ದರು. "ನಿಮ್ಮ ತಾಟ್ ಏನಂತಾವು ನೀಲಾಬಾಯಿ?"

"ಏನೂ ಬೆಳದಿಲ್ರಿ ಸರ್."

"ಖರೇನ?"

"ಎರಡ್ ಸಲ ಹಾಕಿ ನೋಡೇನ್ರಿ. ಪೂರ್ತಿ ಸ್ವಚ್ಛ ಐತಿ."

ಡಾಕ್ಟರು ಮಲೇರಿಯಾಕ್ಕೆ ಔಷಧಿ ಕೊಟ್ಟರು. ಪದ್ಮವ್ವ ಕೊನೆಕೊನೆಗೆ ತಾಯಿಯ ಗುರುತು ಹಿಡಿಯುತ್ತಿರಲಿಲ್ಲ, ಎದೆಯ ಹಾಲು ಒಸರಿ ಕುಪ್ಪಸ ಒದ್ದೆಯಾಗುತ್ತಿತ್ತು, ಕೂಸನ್ನು ಹತ್ತಿರ ಒಯ್ದರೆ ಕೊಸರಿ ದೂಡುತ್ತಿದ್ದಳು. ಅವಳು ಹೋದ ಹೊತ್ತಿಗೆ ಬೋರವ್ವ ಹಾಕಿದ ಬೊಬ್ಬೆ ನೀಲಾಬಾಯಿಯ ಕಿವಿಯಿಂದ ಈಗಲೂ ಇಳಿದಿರಲಿಲ್ಲ.

"ಆತು ಬಿಡ್ರಿ, ಸಾಕು," ಎಂದು ಗುರುಲಿಂಗವ್ವ ಸೂಜಿ ತೆಗೆದು ಹತ್ತಿ ಒತ್ತಿದಳು. "ಒಂದ್ ಕಪ್ ಚಾ ಕುಡೀರಿ. ಮಾರಿ ನೋಡ್ರಿ, ಸುಣ್ಣ ಬಳದಂಗ ಆಗೇತಿ."

ನೀಲಾಬಾಯಿ ಚಹಾ ಕುಡಿಯಲಿಲ್ಲ. ತನ್ನ ರಕ್ತದ ಬಿಸಿ ಆರುವ ಮೊದಲೇ ತಟ್ಟೆಗಳನ್ನು ಎರೆದಳು. ಬಂದ ರೋಗಿಗಳ ಕೀವನ್ನೆಲ್ಲ ಒಂದೊಂದು ನಳಿಕೆಯ ಮಾಂಸದ ಸಾರಿನಲ್ಲಿ ಇಟ್ಟುಕೊಳ್ಳುವುದು ಅವಳ ರೂಢಿ, ಮುಂದೆ ಅಭ್ಯಾಸಕ್ಕೆ ಬೇಕಾಗುತ್ತದೆಂದು. ಪದ್ಮವ್ವನದೂ ಇತ್ತು. ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ತಳದಲ್ಲಿ ಹಿಂಜಿದ ಹತ್ತಿಯಂಥದೇನೋ ಕೂತಿತ್ತು. ಇಷ್ಟು ದಿನ ಅದನ್ನು ಮಾಂಸದ ಚೂರೆಂದು ತಿಳಿದಿದ್ದಳು. ಮಾಂಸದ ಚೂರು ಹೀಗಿರುವುದಿಲ್ಲ ಎಂದು ಈಗ ಯಾಕೆ ಅನ್ನಿಸಿತೋ, ಒಂದು ಹನಿ ತೆಗೆದು ತನ್ನ ರಕ್ತದ ತಟ್ಟೆಯ ಮೇಲೆ ಗೀರಿದಳು. ಉಳಿದಿದ್ದ ಟಗರಿನ ರಕ್ತದ ತಟ್ಟೆಯ ಮೇಲೂ ಒಂದು ಗೀರಿದಳು.

ಮರುದಿನ ಬೆಳಿಗ್ಗೆ ಟಗರಿನ ತಟ್ಟೆ ಎಂದಿನಂತೆ ಖಾಲಿ ಇತ್ತು. ಅವಳ ರಕ್ತದ ತಟ್ಟೆಯ ತುಂಬ ಸಾಸಿವೆಗಿಂತ ಸಣ್ಣ ಹನಿಗಳು. ಪ್ರತಿ ಹನಿಯ ಸುತ್ತ ಕೆಂಪು ಕರಗಿ ಗಾಜಿನ ಆಚೆ ಕಾಣುವಂತಾಗಿತ್ತು. ಆ ಕ್ರಿಮಿ ಉಗುಳುವ ಪ್ರೋಟೀನು ರಕ್ತವನ್ನು ಹೀಗೆ ಕರಗಿಸುತ್ತದೆ. ಬಾಣಂತಿಯರನ್ನು ಕೊಲ್ಲುವ ಕ್ರಿಮಿಯೆಂದು ಪಾಠದ ಪುಸ್ತಕದಲ್ಲಿ ಅದಕ್ಕೆ ಹೆಸರು. ಪೆನಿಸಿಲಿನ್ನಿಗೆ ಅದರಷ್ಟು ಬೇಗ ಸಾಯುವ ಕ್ರಿಮಿ ಇನ್ನೊಂದಿಲ್ಲವೆಂದೂ ಅದೇ ಪುಸ್ತಕದಲ್ಲಿ ಇದೆ.

ನೀಲಾಬಾಯಿ ಸ್ಟೂಲಿನ ಮೇಲೆ ಕೂತಳು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಒಂದು ಗಟ್ಟಿ ಕಾರಣ ಬೇಕಾಗಿತ್ತು ಅವಳಿಗೆ, ತನ್ನದಲ್ಲದ ಕಾರಣ.

ಎದ್ದು ಸೀಸೆಯ ತಳದಲ್ಲಿದ್ದ ಟಗರಿನ ರಕ್ತದ ನೀರನ್ನು ಕಾಗದದ ಬಿಲ್ಲೆಗೆ ಹೀರಿಸಿ, ಬಡಪಾಯಿ ಕ್ರಿಮಿಯನ್ನು ಹರಡಿದ ತಟ್ಟೆಯ ನಡುವೆ ಇಟ್ಟಳು. ಮಾರನೆಯ ದಿನ ನೋಡಿದರೆ ಬಿಲ್ಲೆಯ ಸುತ್ತ ಒಂದೂ ಕ್ರಿಮಿ ಬೆಳೆಯದ ದುಂಡನೆಯ ಬಯಲು. ಔಷಧಿಯ ಸುತ್ತ ಮಾತ್ರ ಬೀಳುವ ಬಯಲು ಅದು. ಯಾವ ಔಷಧಿ? ತಾನು ಇಷ್ಟು ಕಾಲ ಸಾಕಿ ಬೆಳೆಸಿದ ಮೊಂಡು ಕ್ರಿಮಿಯ ಉಗುಳನ್ನೇ ಸೋಸಿ, ಇನ್ನೊಂದು ಬಿಲ್ಲೆಯ ಮೇಲೆ ಟಗರಿನ ರಕ್ತದ ಜೊತೆಗೆ ಹಾಕಿದಳು. ಆ ಉಗುಳಿನಲ್ಲಿದ್ದದ್ದು ಪೆನಿಸಿಲಿನ್ನನ್ನಲ್ಲದೆ ಬೇರೆ ಏನನ್ನೂ ಮುರಿಯಲಾರದ ಪ್ರೋಟೀನು. ಆ ಬಿಲ್ಲೆಯ ಸುತ್ತ ಬಯಲು ಬೀಳಲಿಲ್ಲ. ಕ್ರಿಮಿ ಅಂಚಿನವರೆಗೂ ಬೆಳೆದುಕೊಂಡಿತ್ತು. ಅವಳ ಸಂಶೋಧನೆ ಅವಳಿಗೆ ಕೊಟ್ಟ ಮೊದಲ ನಿಜವಾದ ಉತ್ತರ ಇದು. ಟಗರಿನ ಮೈಯಲ್ಲಿ ಪೆನಿಸಿಲಿನ್ ಇತ್ತು. ಅದರ ರಕ್ತದ ತಟ್ಟೆಯಲ್ಲಿ ಪೆನಿಸಿಲಿನ್ ಮುರಿಯಬಲ್ಲ ಕ್ರಿಮಿ ಮಾತ್ರ ಬೆಳೆಯುತ್ತಿತ್ತು. ಉಳಿದವು ಅಲ್ಲೇ ಸಾಯುತ್ತಿದ್ದವು, ಇವಳು ಅವು ಇಲ್ಲವೆಂದು ಬರೆಯುತ್ತಿದ್ದಳು.

ಹಳ್ಳಿಗಳಲ್ಲಿ ಸೈಕಲ್ ಮೇಲೆ ತಿರುಗಿ ದನಕುರಿಗಳಿಗೆ ಸೂಜಿ ಹಾಕುವ ಜಹಾಂಗೀರ ಸಂತೆಯ ದಿನ ಚಹಾದಂಗಡಿಯ ಮುಂದೆ ಸಿಕ್ಕ. ಹುಲ್ಲಪ್ಪನ ಟಗರಿಗೆ ಏನಾದರೂ ಔಷಧಿ ಹಾಕಿದ್ದಿರೇನು ಎಂದು ಕೇಳಿದಳು.

"ಹಾಕ್ದೇ ಬಿಡ್ತೇನೇನ್ರಿ ಬಾಯಾರ? ಪ್ರತಿ ರವಿವಾರ ಸಂಜೀಕ ಪೆನಿಸಿಲಿನ್," ಎಂದು ಅವನು ಹಲ್ಲು ಕಿರಿದ. "ಒಂದ್ ಸಲ ಅದಕ್ಕ ನೆಗಡಿ ಆಗಿತ್ತಂತ. ಟಗರು ನಿರೋಗಿ ಇರಬೇಕು, ಅದಕ್ಕ ಜಡ್ಡು ಬಂದ್ರ ನನ್ನ ಕೆಲಸ ಕೆಟ್ಟಂಗ ಅಂತ ನೀವ ಹೇಳಿದ್ರಂತಲ್ರಿ. ಅಂದಿನಿಂದ ಹುಲ್ಲಪ್ಪ ಒಂದ್ ವಾರಾನೂ ತಪ್ಪಿಸಿಲ್ಲ. ತನಗ ಜ್ವರಾ ಬಂದ್ರ ಗುಳಿಗಿ ನುಂಗೂದಿಲ್ಲ ಮಗಾ, ಟಗರಿಗೆ ಸೂಜಿ ಬೇಕ!"

ಅವಳೇ ಹೇಳಿದ್ದು ಹೌದು. ಬೇವಿನ ನೆರಳಲ್ಲಿ, ಟಗರು ಸೀನಿದಾಗ, ನಗುತ್ತ ಹೇಳಿದ ಮಾತು. ಅದನ್ನು ಅವನು ದೇವರ ಅಪ್ಪಣೆಯ ಹಾಗೆ ತಲೆಯ ಮೇಲೆ ಹೊತ್ತುಕೊಂಡಿದ್ದ.

ಸಂಗಯ್ಯನವರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣೊತ್ತಿಕೊಂಡರು. ಬಯ್ಯುತ್ತಾರೆಂದು ನೀಲಾಬಾಯಿ ನಿಂತಿದ್ದಳು, ಬಯ್ದಿದ್ದರೆ ಒಳ್ಳೆಯದಿತ್ತು.

"ನಿಮ್ಮ ಮಾತು ಕೇಳಿ ನಾನೂ ಪೆನಿಸಿಲಿನ್ ಬಿಟ್ಟೆ," ಎಂದರು ಕಡೆಗೆ. "ಇಲ್ಲಾಂದ್ರ ಜ್ವರಾ ಬಂದ ದಿನಾನ ಕಣ್ಣು ಮುಚ್ಚಿ ಚುಚ್ಚತಿದ್ದೆ. ಇರಲಿ. ಇನ್ನ ಮುಂದ ಆ ಟಗರಿನ ರಕ್ತ ಬ್ಯಾಡ. ನಿಮ್ಮ ಧಾರವಾಡದವರಿಗೂ ಹೇಳಿಬಿಡ್ರಿ, ಮಾಡಿದ್ದೆಲ್ಲಾ ನೀರಾಗ ಹೋತು ಅಂತ. ಆದ್ರ ಹುಲ್ಲಪ್ಪಗ ಒಂದ್ ಅಕ್ಷರಾ ಹೇಳಬ್ಯಾಡ್ರಿ. ಸತ್ತಾಕಿ ತಿರುಗಿ ಬರಾಂಗಿಲ್ಲ. ಇರಾವನ್ನ ಯಾಕ ಕೊಲ್ಲಬೇಕು?"

ಧಾರವಾಡಕ್ಕೆ ಹೇಳುವುದು ಅವಳು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಟ್ರಂಕ್ ಕಾಲಿನಲ್ಲಿ ಗುರುಗಳು ಆಮೇಲೆ ಯೋಚಿಸೋಣವೆಂದರು. ಡಾಕ್ಟರೇಟು ಹೋದರೆ ಹೋಗಲಿ ಅನ್ನಿಸಿದ್ದು ಅವಳಿಗೇ ಆಶ್ಚರ್ಯ. ಮೊದಲಾಗಿದ್ದರೆ ಅದೊಂದೇ ಸಾಕಾಗಿತ್ತು ಅನ್ನನೀರು ಬಿಡಲಿಕ್ಕೆ.

ಹುಲ್ಲಪ್ಪನಿಗೆ ಹೇಳದೆ ಇರುವುದು ತನ್ನ ಕೈಯಲ್ಲಿದೆ ಎಂದುಕೊಂಡಿದ್ದಳು. ಆದರೆ ಆ ವಾರವೇ ಬೋರವ್ವ ದವಾಖಾನೆಗೆ ಬಂದಳು. ಬಾಗಿಲ ಹೊರಗೇ ಕೂತು, ಸೆರಗಿನಿಂದ ಬಾಯಿ ಒತ್ತಿಕೊಂಡು, ಹೇಗೆ ಶುರು ಮಾಡಬೇಕೋ ತಿಳಿಯದೆ ನೆಲವನ್ನು ಬೆರಳಿನಿಂದ ಗೀರಿದಳು.

"ಅಕ್ಕಾರ, ನೀವೊಂದ್ ಸಲ ಹಟ್ಟಿಗೆ ಬರಬೇಕ್ರಿ."

"ಯಾಕ ಬೋರವ್ವಾ?"

"ದೇವರ ಟಗರಿನ ರಕ್ತಾ ತಗದದ್ದಕ್ಕ ಮಗಳು ಸತ್ಲು ಅಂತ ಲಕ್ಷ್ಮಪ್ಪಣ್ಣ ಹೇಳ್ಯಾನ್ರಿ. ಇವರನ್ನ ಗುಡಿ ಪಾವಟಿಗಿ ಹತ್ತಗೊಡವಲ್ಲ, ಭಂಡಾರ ಹಚ್ಚವಲ್ಲ. ಅವಾ ಅಂದ್ರ ಅನ್ಲಿ ಬಿಡ್ರಿ. ಇವರ ಹಂಗ ಅನ್ನಾಕತ್ಯಾರ. 'ಮಗಳ್ನ ನಾನ ಕೊಂದೆ' ಅಂತಾರ. ಉಣ್ಣೂದಿಲ್ಲ, ಮಲಗೂದಿಲ್ಲ. ಹೋಗಿ ಬಾವಿ ದಂಡಿ ಮ್ಯಾಲ ಕುಂದರ್ತಾರ. ನಾ ಕೂಸು ನೋಡ್ಲೋ, ಇವರನ್ನ ಕಾಯ್ಲೋ?" ಬೋರವ್ವನ ದನಿ ಒಡೆಯಿತು. "ನಿಮ್ಮ ಮಾತಂದ್ರ ಅವರಿಗೆ ದೇವರ ಮಾತು ಇದ್ದಂಗ. ಟಗರಿನ ರಕ್ತಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಒಂದ್ ಮಾತು ಹೇಳ್ರಿ. ಓದಿದವರು ಹೇಳಿದ್ರ ನಂಬ್ತಾರ."

ಬರುತ್ತೇನೆಂದು ನೀಲಾಬಾಯಿ ತಲೆಯಾಡಿಸಿದಳು, ಅಷ್ಟೇ.

"ಹೋಗಬ್ಯಾಡ್ರಿ," ಎಂದರು ಸಂಗಯ್ಯನವರು. "ಖರೆ ಹೇಳಿದ್ರ ಅವಾ ಉಳಿಯೂದಿಲ್ಲ. ಸುಳ್ಳು ಹೇಳಾಕ ನಿಮಗ ಬರೂದಿಲ್ಲ."

ಆದರೂ ರವಿವಾರ ಕಲಾದಗಿ ಬಸ್ಸು ಹತ್ತಿದಳು. ಬೆಳಿಗ್ಗೆ ಇಷ್ಟಲಿಂಗದ ಪೂಜೆಗೆ ಕೂತಾಗ ಮನಸ್ಸು ನಿಂತಿರಲಿಲ್ಲ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಏನು ಬೇಡಬೇಕೋ ತಿಳಿಯದೆ ಹಾಗೆಯೇ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ಹತ್ತಾರು ಮಾತು ಹೊಂದಿಸಿದಳು. ಸುಳ್ಳಲ್ಲದ, ಆದರೆ ಖರೆಯನ್ನು ಪೂರ್ತಿ ಹೇಳದ ಮಾತು ಬೇಕಾಗಿತ್ತು. ಅಂಥದು ಸಿಗಲಿಲ್ಲ.

ಬೀರಪ್ಪನ ಗುಡಿ ಹಟ್ಟಿಯ ತುದಿಗಿತ್ತು, ಕಲ್ಲಿನ ಕಟ್ಟೆ, ತಗಡಿನ ಮಾಡು. ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ಹುಲ್ಲಪ್ಪ ಕೆಳಗೆ ಬಿಸಿಲಿನಲ್ಲಿ, ಕುಕ್ಕರಗಾ‌ಲಿನಲ್ಲಿ. ಗಡ್ಡ ಬೆಳೆದಿತ್ತು, ಹೆಗಲ ಮೇಲೆ ಕಂಬಳಿ ಇರಲಿಲ್ಲ. ಕಂಬಳಿಯಿಲ್ಲದ ಹುಲ್ಲಪ್ಪನನ್ನು ನೀಲಾಬಾಯಿ ಒಮ್ಮೆಲೆ ಗುರುತಿಸಲೇ ಇಲ್ಲ, ಅಷ್ಟು ಸಣ್ಣವನಾಗಿ ಕಂಡ. ಅವಳನ್ನು ನೋಡಿ ಎದ್ದು ನಿಂತು ಕೈ ಮುಗಿದ.

ಬೋರವ್ವ ಕೂಸನ್ನು ತಂದು ಅವಳ ಕೈಗೆ ಕೊಟ್ಟಳು. "ಪದ್ಮನ ಮಗಾ ನೋಡ್ರಿ. ಆಡಿನ ಹಾಲು ಕುಡದ ಹ್ಯಾಂಗ ಆಗ್ಯಾನ. ಹಿಡೀರಿ, ನೀರು ತರ್ತೇನಿ." ಕೂಸು ಬೆಚ್ಚಗಿತ್ತು, ಹಾಲಿನ ಕಮರು ವಾಸನೆ ಹೊಡೆಯುತ್ತಿತ್ತು. ಎಡಗೈಯಲ್ಲಿ ಎತ್ತಿಕೊಂಡ ಕೂಡಲೇ ಕರಡಿಗೆ ತೂಗುತ್ತಿದ್ದ ಅವಳ ಕೊರಳಿನ ಶಿವದಾರ ಅದರ ಮುಷ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

"ಬಾಯಾರ," ಎಂದ ಲಕ್ಷ್ಮಪ್ಪ. ಸಿಟ್ಟಿನ ಮನುಷ್ಯನೇನಲ್ಲ, ದಣಿದ ದನಿ. "ಸತ್ತಾಕಿ ನಮಗೂ ಮಗಳ. ಹುಲ್ಲಪ್ಪನ ಮ್ಯಾಲ ನನಗೇನೂ ಹಗೆ ಇಲ್ಲ. ಟಗರಿನ ರಕ್ತಾ ತಗದದ್ದಕ್ಕ ಆ ಹುಡಿಗಿ ಸತ್ಲೋ, ಇಲ್ಲೋ? ಇಷ್ಟ ಹೇಳ್ರಿ. ಓದಿದವರು ಸುತ್ತು ಬಳಸಿ ಹೇಳ್ತೀರಿ, ಅದು ನಮಗ ತಿಳಿಯೂದಿಲ್ಲ. ಹೌದೋ, ಅಲ್ಲೋ."

ಅವಳ ವಿದ್ಯೆಯಲ್ಲಿ ಹೌದು ಅಲ್ಲ ಎಂದು ಎರಡೇ ಮಾತಿನ ಉತ್ತರ ಅಪರೂಪ. ಹಾಗಿದ್ದರೆ, ಹೀಗಿದ್ದರೆ, ಇಷ್ಟರಮಟ್ಟಿಗೆ ಎಂದು ನೂರು ತೊಡಕು ಇರುತ್ತವೆ. ಇಲ್ಲಿ ಎರಡೇ ಇದ್ದವು, ಖರೆಯಾದದ್ದು ಮೊದಲನೆಯದು. ಹುಲ್ಲಪ್ಪ ಅವಳ ಬಾಯನ್ನೇ ನೋಡುತ್ತಿದ್ದ.

"ಅಲ್ರಿ," ಎಂದಳು.

"ಭಂಡಾರ ಮುಟ್ಟಿ ಹೇಳ್ರಿ."

ಲಕ್ಷ್ಮಪ್ಪ ಭಂಡಾರದ ಬಟ್ಟಲನ್ನು ಮುಂದೆ ಹಿಡಿದ. ಅವಳು ಬಲಗೈಯ ಬೆರಳನ್ನು ಅರಿಷಿಣದಲ್ಲಿ ಅದ್ದಿದಳು. "ಟಗರಿನ ರಕ್ತಕ್ಕೂ ಪದ್ಮವ್ವನ ಸಾವಿಗೂ ಏನೂ ಸಂಬಂಧ ಇಲ್ರಿ." ದನಿ ನಡುಗಲಿಲ್ಲ. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಕೆಯಾಯಿತು.

ಕಟ್ಟೆಯ ಮೇಲೆ ಯಾರೋ ಉಸಿರು ಬಿಟ್ಟರು. ಅಲ್ಲಿಗೆ ಮುಗಿಯಬಹುದಿತ್ತು. ಹುಲ್ಲಪ್ಪ ಮಾತ್ರ ಕೂತಿರಲಿಲ್ಲ.

"ಹಂಗಾದ್ರ ಯಾತಕ್ಕ ಸತ್ಲ್ರಿ ಅಕ್ಕಾರ?" ಎಂದ. "ಏನರೆ ಒಂದ್ ಇರಬೇಕಲ್ಲ. ನಾ ಅಲ್ಲ, ದೇವರ ಅಲ್ಲ ಅಂದ್ರ, ಮತ್ತ ಯಾರು?"

ಅವನ ಕಣ್ಣು ಆಗಲೇ ಗುಡಿಯ ಕಡೆಗೆ, ಅದರಾಚೆಯ ಬಾವಿಯ ಕಡೆಗೆ ಹೊರಟಿದ್ದವು. ಬೇರೆ ಕಾರಣ ಸಿಗದಿದ್ದರೆ ಇವನು ತನ್ನ ಕಾರಣಕ್ಕೇ ತಿರುಗಿ ಹೋಗುತ್ತಾನೆಂದು ನೀಲಾಬಾಯಿಗೆ ಹೊಳೆಯಿತು. ಮುಂದಿನ ಮಾತನ್ನು ಅವಳು ಹೊಂದಿಸಿಕೊಂಡು ಬಂದಿರಲಿಲ್ಲ.

"ನಾನು ಕಾಕಾ," ಎಂದಳು. "ಆಕಿ ಹೊಟ್ಯಾಗ ನಂಜಿನ ಕ್ರಿಮಿ ಇತ್ತು. ಅದನ್ನ ಹುಡುಕೂದು ನನ್ನ ಕೆಲಸ. ನಾ ಸರಿಯಾಗಿ ನೋಡಲಿಲ್ಲ. ಇಲ್ಲ ಅಂತ ಡಾಕ್ಟರಿಗೆ ಹೇಳಿದೆ. ನನ್ನ ಮಾತು ನಂಬಿ ಅವರು ಬ್ಯಾರೆ ಔಷಧಿ ಕೊಟ್ರು."

ಬೋರವ್ವ ನೀರಿನ ತಂಬಿಗೆ ಹಿಡಿದು ಬರುತ್ತಿದ್ದವಳು ಅಲ್ಲೇ ನಿಂತಳು.

"ನೋಡಿದ್ರ ಉಳೀತಿದ್ಲೇನ್ರಿ?" ಎಂದ ಹುಲ್ಲಪ್ಪ.

"ಉಳೀತಿದ್ಲು."

"ಯಾತರಲೇ?"

"ಪೆನಿಸಿಲಿನ್ ಸೂಜೀಲೆ."

ಮಾತು ಬಾಯಿ ದಾಟಿದ ಮೇಲೆಯೇ ತಾನು ಏನು ಅಂದೆನೆಂದು ಅವಳಿಗೆ ತಿಳಿಯಿತು. ಹುಲ್ಲಪ್ಪ ಹುಬ್ಬು ಗಂಟಿಕ್ಕಿ ಆ ಹೆಸರನ್ನು ಬಾಯಲ್ಲೇ ಒಮ್ಮೆ ಹೊರಳಿಸಿದ. ಈಗ ಹಿಡಿಯುತ್ತಾನೆ, ಎಲ್ಲವನ್ನೂ ಒಂದಕ್ಕೊಂದು ಜೋಡಿಸಿಬಿಡುತ್ತಾನೆ ಎಂದುಕೊಂಡಳು.

"ಅದನ್ನ ನಾ ಟಗರಿಗೆ ವಾರಕ್ಕೊಮ್ಮಿ ಹಾಕಸ್ತಿದ್ನಲ್ರಿ," ಎಂದ ಅವನು ನಿಧಾನವಾಗಿ. "ನಿಮ್ಮ ಟಗರು ಅಂತ, ನೀವು ಹೇಳೀರಿ ಅಂತ, ಒಂದ್ ವಾರಾ ತಪ್ಪಸದಂಗ ಹಾಕಸಿದೆ. ಅದ ಸೂಜಿ ನನ್ನ ಮಗಳಿಗೆ ನಿಮ್ಮ ಕೈಯಾಗ ಇದ್ದಿದ್ದಿಲ್ಲೇನ್ರಿ?"

ಅಷ್ಟಕ್ಕೇ ನಿಂತ. ಅವನ ಲೆಕ್ಕ ಇನ್ನೊಂದು ಹೆಜ್ಜೆ ಮುಂದೆ, ಟಗರಿನ ರಕ್ತದವರೆಗೆ, ಹೋಗಲಿಲ್ಲ. ಅವನ ಮುಖದಲ್ಲಿ ಸಿಟ್ಟು ಏರುತ್ತಿತ್ತು, ನೀಲಾಬಾಯಿ ಎಂದೂ ಕಂಡಿರದ ಸಿಟ್ಟು, ಅದರ ಜೊತೆಗೆ ಸತ್ತಂತಿದ್ದ ಆ ಮುಖಕ್ಕೆ ಜೀವವೂ ಏರುತ್ತಿತ್ತು. ಅವಳು ತಲೆ ತಗ್ಗಿಸಿದಳು.

"ಇತ್ರಿ," ಎಂದಳು. "ಹಾಕಲಿಲ್ಲ."

ಲಕ್ಷ್ಮಪ್ಪ ಕಟ್ಟೆಯಿಂದ ಇಳಿದು ಬಂದು ಹುಲ್ಲಪ್ಪನ ಹಣೆಗೆ ಭಂಡಾರ ಬಳಿದ. ಹುಲ್ಲಪ್ಪ ಹುಡುಗನ ಹಾಗೆ ಅಳತೊಡಗಿದ. ಯಾರೋ ಕಂಬಳಿ ತಂದು ಅವನ ಹೆಗಲಿಗೆ ಹಾಕಿದರು. ಹಿರಿಯರು ಅವನ ಸುತ್ತ ನೆರೆದರು, ಗುಡಿಯ ಒಳಗೆ ಕರೆದೊಯ್ದರು. ಯಾರೂ ನೀಲಾಬಾಯಿಯ ಕಡೆ ನೋಡಲಿಲ್ಲ. ಬೈಗಳೂ ಇಲ್ಲ, ಕೂತುಕೊಳ್ಳಿರೆಂದೂ ಇಲ್ಲ. ಬಿಸಿಲಿನಲ್ಲಿ ಕೂಸನ್ನು ಎತ್ತಿಕೊಂಡು ಅವಳೊಬ್ಬಳೇ ನಿಂತಿದ್ದಳು. ಅದರ ಕಣ್ಣಿಗೆ ಬಿಸಿಲು ಬೀಳುತ್ತದೆಂದು ಅಂಗೈ ಅಡ್ಡ ಹಿಡಿದಳು.

ಬೋರವ್ವ ತಂಬಿಗೆಯ ನೀರನ್ನು ನೆಲಕ್ಕೆ ಚೆಲ್ಲಿ ಹತ್ತಿರ ಬಂದಳು.

"ಕೊಡ್ರಿ ಇಲ್ಲೆ."

ಕೊಡಲು ಹೋದರೆ ಕೂಸು ಬಿಡಲಿಲ್ಲ. ಮುಷ್ಟಿಯಲ್ಲಿ ಶಿವದಾರ ಹಾಗೇ ಇತ್ತು. ಬೋರವ್ವ ಬಾಗಿ, ದಾರಕ್ಕೂ ಲಿಂಗದ ಕರಡಿಗೆಗೂ ತನ್ನ ಕೈ ತಾಗದ ಹಾಗೆ ಜೋಪಾನವಾಗಿ, ಆ ಸಣ್ಣ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿ, ಕೂಸಿನ ಮೋರೆಯ ಮೇಲೆ ಸೆರಗು ಎಳೆದುಕೊಂಡು, ತಿರುಗಿ ನೋಡದೆ ಮನೆಯ ಕಡೆ ನಡೆದಳು.